ಸೇವೆಗೂ ಒಂದು ಕಡತ ಬೇಕು

ನಮ್ಮ ಜಿಲ್ಲೆಯಲ್ಲಿ ಸಂಘಗಳಿಗೆ ಬರಗಾಲವೆಂಬುದಿಲ್ಲ. ಬಂಟ್ವಾಳದ ಪೇಟೆಯಿಂದ ಹೊರಟು ಬೆಳ್ತಂಗಡಿಗೆ ಬಂದು, ಅಲ್ಲಿಂದ ಗುರುವಾಯನಕೆರೆ, ವೇಣೂರುಗಳ ಮಾರ್ಗವಾಗಿ ಮೂಡಬಿದಿರೆಗೆ ಬಸ್ಸಿನಲ್ಲಿ ಹೋಗುವವರು ಕಿಟಕಿಯ ಹೊರಗೆ ಕಣ್ಣಿಟ್ಟರೆ ಸಾಕು. ಯುವಕ ಮಂಡಲ, ಮಹಿಳಾ ಮಂಡಲ, ಭಜನಾ ಮಂಡಳಿ, ಹಳೆ ವಿದ್ಯಾರ್ಥಿ ಸಂಘ, ಯಕ್ಷಗಾನ ಕಲಾಸಂಘ, ಸೇವಾ ಟ್ರಸ್ಟು ಹೀಗೆ ಬಗೆಬಗೆಯ ಫಲಕಗಳು ಸಾಲುಸಾಲಾಗಿ ಕಾಣಿಸುತ್ತವೆ. ಈ ಫಲಕಗಳಲ್ಲಿ ಕೆಲವು ಹೊಸ ಬಣ್ಣ ಬಳಿದುಕೊಂಡು ಹೊಳೆಯುತ್ತವೆ. ಕೆಲವಕ್ಕೆ ಪಾಚಿ ಹಿಡಿದಿದೆ. ಇನ್ನು ಕೆಲವುಗಳ ಹಿಂದೆ ಕಟ್ಟಡವಿದೆ, ಬೀಗವಿದೆ. ಬೀಗದ ಕೈ ಯಾರಲ್ಲಿದೆ ಎಂದು ಕೇಳಿದರೆ ಊರವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಒಳ್ಳೆಯ ಮನಸ್ಸಿನಿಂದ ಹುಟ್ಟಿದ ಸಂಘವೊಂದು ಹೀಗೆ ಬೀಗ ಹಾಕಿಕೊಳ್ಳುವುದೇಕೆ? ನಾವು ಆರಂಭಶೂರರು ಎಂದುಬಿಡುವುದು ಸುಲಭ. ಆದರೆ ಅದು ಪೂರ್ತಿ ನಿಜವಲ್ಲ. ಸಂಘಕ್ಕೆ ಬೇಕಾದ ಉತ್ಸಾಹ ನಮ್ಮಲ್ಲಿ ಧಾರಾಳವಾಗಿ ಉಂಟು. ಇಲ್ಲದಿರುವುದು ಎರಡು ವಸ್ತುಗಳು. ಒಂದು, ಸಂಘದ ತ್ರಾಣ. ಎಂದರೆ ಯಾವ ಒಬ್ಬ ವ್ಯಕ್ತಿ ಇದ್ದರೂ ಇಲ್ಲದಿದ್ದರೂ ಕೆಲಸ ನಡೆದುಕೊಂಡು ಹೋಗುವಂಥ ಏರ್ಪಾಡು. ಎರಡನೆಯದು, ಅಂಕಿ ಅಂಶಗಳ ಸದ್ಬಳಕೆ. ಎಂದರೆ ನಾವು ಮಾಡಿದ ಕೆಲಸದಿಂದ ಯಾರಿಗೆ ಏನಾಯಿತು ಎಂಬುದನ್ನು ಬರೆದಿಟ್ಟು, ಬರೆದದ್ದನ್ನು ಮತ್ತೆ ತೆರೆದು ಓದುವ ಅಭ್ಯಾಸ. ಇವೆರಡೂ ಬೇರೆ ಬೇರೆಯಾಗಿ ತೋರಿದರೂ ಒಂದೇ ಹಗ್ಗದ ಎರಡು ಎಳೆಗಳು.

ಈ ಮಾತನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಒಂದು ತಪ್ಪಿನಿಂದ ಕಲಿತವನು. ಕೆಲವು ವರ್ಷಗಳ ಹಿಂದೆ ಬಡ ಮಕ್ಕಳ ಕಾಲೇಜು ಶುಲ್ಕಕ್ಕೆ ನೆರವಾಗುವ ಒಂದು ಸಮಿತಿಗೆ ನಾನು ಜೊತೆಕಾರ್ಯದರ್ಶಿಯಾಗಿದ್ದೆ. ಕಾರ್ಯದರ್ಶಿಯವರು ಬಹಳ ದೊಡ್ಡ ಮನಸ್ಸಿನವರು. ಯಾವ ಮಗುವಿಗೆ ಎಷ್ಟು ಕೊಡಬೇಕು, ಯಾವ ದಾನಿ ಯಾವ ತಿಂಗಳಲ್ಲಿ ಕೊಡುತ್ತಾರೆ, ಯಾವ ಠೇವಣಿ ಯಾವಾಗ ಕೈಗೆ ಬರುತ್ತದೆ, ಎಲ್ಲವೂ ಅವರ ತಲೆಯಲ್ಲಿತ್ತು. ನಾವು ಉಳಿದವರು ಮಹಾಸಭೆಗೆ ಹೋಗಿ, ಉಪ್ಪಿಟ್ಟು ಅವಲಕ್ಕಿ ತಿಂದು, ವರದಿಗೆ ಓದದೆ ರುಜು ಹಾಕಿ ಬರುತ್ತಿದ್ದೆವು. ಒಂದು ಮಳೆಗಾಲದಲ್ಲಿ ಅವರು ತೀರಿಕೊಂಡರು. ಅವರೊಡನೆ ಸಮಿತಿಯ ನೆನಪೂ ಹೊರಟುಹೋಯಿತು. ಠೇವಣಿಯ ರಸೀದಿಗಳು ಪೆಟ್ಟಿಗೆಯಲ್ಲಿ ಸಿಕ್ಕಿದವು. ಆದರೆ ಹೊಸ ಪದಾಧಿಕಾರಿಗಳ ಪಟ್ಟಿಯನ್ನು ಸಂಘಗಳ ನೋಂದಣಿ ಕಚೇರಿಗೆ ವರ್ಷಗಳಿಂದ ಸಲ್ಲಿಸಿಯೇ ಇರಲಿಲ್ಲವಾಗಿ ಬ್ಯಾಂಕಿನವರು ನಮ್ಮ ರುಜುವನ್ನು ಒಪ್ಪಲಿಲ್ಲ. ಒಪ್ಪದಿದ್ದುದು ಅವರ ತಪ್ಪಲ್ಲ. ಎಲ್ಲ ಸರಿಹೋಗುವುದಕ್ಕೆ ಒಂದೂವರೆ ವರ್ಷ ಹಿಡಿಯಿತು.

ಆ ಅವಧಿಯಲ್ಲಿ ಬೀಡಿ ಕಟ್ಟಿ ಜೀವನ ಮಾಡುವ ಒಬ್ಬ ತಾಯಿ ನನ್ನ ಮನೆಗೆ ಎರಡು ಸಲ ಬಂದಿದ್ದರು. ಮಗಳ ಎರಡನೆಯ ವರ್ಷದ ಶುಲ್ಕಕ್ಕೆ ನಾವು ಮಾತು ಕೊಟ್ಟಿದ್ದೆವು. "ಸ್ವಲ್ಪ ತಡೆಯಿರಿ ಅಕ್ಕಾ, ಲೆಕ್ಕ ಹುಡುಕುತ್ತಾ ಇದ್ದೇವೆ" ಎಂದೆ. ಎರಡನೆಯ ಸಲ ಅವರು ತಮ್ಮ ಚೀಲದಿಂದ ಬೀಡಿಯ ಪುಸ್ತಕವನ್ನು ತೆಗೆದು ತೋರಿಸಿದರು. "ನೋಡಿ ಮಾಷ್ಟ್ರೇ, ಎಷ್ಟು ಎಲೆ ಕೊಟ್ಟರು, ಎಷ್ಟು ಹೊಗೆಸೊಪ್ಪು ಕೊಟ್ಟರು, ನಾನು ಎಷ್ಟು ಬೀಡಿ ಕೊಟ್ಟೆ, ಎಲ್ಲ ಇದರಲ್ಲಿ ಉಂಟು. ನಿಮ್ಮ ಸಂಘಕ್ಕೆ ಒಂದು ಪುಸ್ತಕ ಇಲ್ವಾ?" ನನ್ನಲ್ಲಿ ಉತ್ತರವಿರಲಿಲ್ಲ. ಮೂರನೆಯ ಸಲ ಅವರು ಬರಲಿಲ್ಲ. ಹುಡುಗಿ ಓದು ಬಿಟ್ಟು ಗೇರುಬೀಜದ ಕಾರ್ಖಾನೆಗೆ ಸೇರಿದಳೆಂದು ಆಮೇಲೆ ತಿಳಿಯಿತು.

ನಾವು ಯಾರೂ ಹಣ ತಿಂದವರಲ್ಲ. ಹಣವೂ ಇತ್ತು. ಆದರೂ ಒಂದು ಮಗುವಿನ ಓದು ನಿಂತಿತು. ಪ್ರಾಮಾಣಿಕತೆಯೊಂದೇ ಸಾಲದು ಎಂಬುದು ಅಂದು ನನಗೆ ಅರ್ಥವಾಯಿತು.

ಲೆಕ್ಕ ಬರೆಯುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಮೂಡಬಿದಿರೆಯ ಬಸದಿಗಳ ಶಾಸನಗಳನ್ನು ನೋಡಿರಿ. ಯಾರು ಯಾವ ಭೂಮಿಯನ್ನು ಬಿಟ್ಟರು, ಅದರಿಂದ ಎಷ್ಟು ಅಕ್ಕಿ ಬರಬೇಕು, ಆ ಅಕ್ಕಿ ಯಾವ ಪೂಜೆಗೆ, ಯಾವ ಆಹಾರದಾನಕ್ಕೆ ಸಲ್ಲಬೇಕು ಎಂದು ಕಲ್ಲಿನಲ್ಲಿ ಕೊರೆದಿಟ್ಟಿದ್ದಾರೆ. ದಾನ ಕೊಟ್ಟವನ ಹೆಸರನ್ನು ಬರೆದು ಕೈಬಿಟ್ಟವರಲ್ಲ. ದಾನದ ವಿನಿಯೋಗವನ್ನೂ ಬರೆದವರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ಒಂದು ಸಂಸ್ಥೆಯ ಆಯವ್ಯಯದ ಪಟ್ಟಿ, ಎಲ್ಲರ ಕಣ್ಣೆದುರಿಗೆ ನಿಲ್ಲಿಸಿದ್ದು.

ಅದೇ ಮೂಡಬಿದಿರೆಯಲ್ಲಿ ಇನ್ನೊಂದು ಪಾಠವೂ ಇದೆ. ಕನ್ನಡ ಪಂಡಿತನಾದ ನನಗೆ ಅದು ಹೆಚ್ಚು ಪ್ರಿಯವಾದದ್ದು. ಕ್ರಿಸ್ತಶಕ 9ನೆಯ ಶತಮಾನದಲ್ಲಿ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ತಾಳೆಯೋಲೆ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಇಲ್ಲಿಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಭಕ್ತಿಯಿಂದ ರಕ್ಷಿತವಾಗಿದ್ದವು. ದೂರದೂರದಿಂದ ಜನರು ಬಂದು ದರ್ಶನ ಮಾಡಿ ಹೋಗುತ್ತಿದ್ದರು. ಒಳಗೇನಿದೆ ಎಂಬುದು ಲೋಕಕ್ಕೆ ತಿಳಿದದ್ದು ಮಾತ್ರ ಬಹಳ ತಡವಾಗಿ; ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅದರ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ, ಹದಿನಾರನೆಯದು 1958ರಲ್ಲಿ. ಈ ನಡುವೆ, 1948ರಲ್ಲಿ, ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಮೂಡಬಿದಿರೆ, ಕಾರ್ಕಳ ಮೊದಲಾದ ಕಡೆಗಳ ಓಲೆಗ್ರಂಥಗಳ ಸೂಚಿಯೊಂದನ್ನು ಸಿದ್ಧಪಡಿಸಿದರು. 'ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ' ಎಂಬ ಹೆಸರಿನಿಂದ ಅದನ್ನು ಭಾರತೀಯ ಜ್ಞಾನಪೀಠ ಪ್ರಕಟಿಸಿತು.

ಇಂಥ ಸೂಚಿಯೆಂದರೆ ಏನು? ಗ್ರಂಥದ ಹೆಸರು, ಕರ್ತೃವಿನ ಹೆಸರು, ಓಲೆಗಳೆಷ್ಟು, ಓಲೆಗೆ ಸಾಲುಗಳೆಷ್ಟು, ಲಿಪಿ ಯಾವುದು, ಭಾಷೆ ಯಾವುದು, ಪೂರ್ಣವೋ ಅಪೂರ್ಣವೋ, ಸ್ಥಿತಿ ಹೇಗಿದೆ ಎಂಬ ಒಣ ವಿವರಗಳ ಸಾಲು. ಕಾವ್ಯರಸ ಬಯಸುವವನಿಗೆ ಅದರಲ್ಲಿ ಒಂದು ಹನಿಯೂ ಸಿಗದು. ಆದರೆ ಅದು ಇಲ್ಲದಿದ್ದರೆ ಭಂಡಾರವೆಂಬುದು ಕತ್ತಲೆ ಕೋಣೆ. ಅದು ಬಂದಮೇಲೆ ಎಲ್ಲೋ ದೂರದಲ್ಲಿ ಕುಳಿತ ವಿದ್ವಾಂಸನೂ ಈ ಗ್ರಂಥ ಅಲ್ಲಿ ಉಂಟು, ಇಷ್ಟು ಉಂಟು, ಇಲ್ಲಿ ಮುರಿದಿದೆ ಎಂದು ತಿಳಿದುಕೊಂಡು ಕೆಲಸಕ್ಕೆ ತೊಡಗಬಹುದು. ಯಾವ ಓಲೆ ಮೊದಲು ಎಣ್ಣೆ ಕಾಣಬೇಕು ಎಂಬುದೂ 'ಸ್ಥಿತಿ' ಎಂಬ ಆ ಒಂದು ಕಲಮಿನಿಂದ ಗೊತ್ತಾಗುತ್ತದೆ. ಭಕ್ತಿ ರಕ್ಷಿಸಿತು, ಸೂಚಿ ಬಳಕೆಗೆ ತಂದಿತು. ಸೇವಾಸಂಸ್ಥೆಗೂ ಈ ಎರಡೂ ಬೇಕು.

ಇನ್ನು ಬೆಳ್ತಂಗಡಿ ತಾಲ್ಲೂಕಿಗೆ ಬರೋಣ. ಉಜಿರೆಯಲ್ಲಿ 1982ರಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ ಅಲ್ಲಿಯ ಶಿಕ್ಷಣ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು ಮತ್ತು ಕೆನರಾ ಬ್ಯಾಂಕು ಸೇರಿ ಅದನ್ನು ಸ್ಥಾಪಿಸಿದವು. (ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.) ಕೆಲಸವಿಲ್ಲದ ಹಳ್ಳಿಯ ಯುವಕ ಯುವತಿಯರಿಗೆ ಊಟ ವಸತಿ ಸಹಿತ ಉಚಿತವಾಗಿ ಕೆಲವು ವಾರಗಳ ತರಬೇತಿ ಕೊಟ್ಟು, ಸ್ವಂತ ಉದ್ಯೋಗಕ್ಕೆ ಹಚ್ಚುವುದು ಅದರ ಉದ್ದೇಶ.

ತರಬೇತಿ ಕೊಡುವ ಸಂಸ್ಥೆಗಳು ದೇಶದಲ್ಲಿ ಸಾವಿರಾರು ಇವೆ. ಹೆಚ್ಚಿನವರು ಎಣಿಸುವುದು ತರಬೇತಿ ಪಡೆದವರನ್ನು. ಮೂವತ್ತು ಜನರಿಗೆ ಹೊಲಿಗೆ ಕಲಿಸಿದೆವು, ಪ್ರಮಾಣಪತ್ರ ಕೊಟ್ಟೆವು, ಗುಂಪಿನ ಛಾಯಾಚಿತ್ರ ತೆಗೆಸಿದೆವು. ಅಲ್ಲಿಗೆ ಲೆಕ್ಕ ಮುಗಿಯಿತು. ಉಜಿರೆಯ ಪದ್ಧತಿಯಲ್ಲಿ ಲೆಕ್ಕ ಆರಂಭವಾಗುವುದೇ ಅಲ್ಲಿಂದ. ತರಬೇತಿ ಮುಗಿಸಿ ಮನೆಗೆ ಹೋದವರನ್ನು ಮುಂದೆ ಎರಡು ವರ್ಷ ಹಿಂಬಾಲಿಸುತ್ತಾರೆ. ಅವರಲ್ಲಿ ಕೆಲಸ ಹಿಡಿದು ನೆಲೆ ನಿಂತವರು ಯಾರು, ಬ್ಯಾಂಕಿನ ಸಾಲ ದೊರೆತವರು ಯಾರು, ಸ್ವಂತ ಬಂಡವಾಳದಿಂದ ತೊಡಗಿದವರು ಯಾರು ಎಂದು ವಿಚಾರಿಸಿ ಬರೆಯುತ್ತಾರೆ. 'ಕಲಿತವರು' ಎಂಬುದು ಒಂದು ಕಲಮು. 'ನೆಲೆ ನಿಂತವರು' ಎಂಬುದು ಇನ್ನೊಂದು ಕಲಮು. ಈ ಎರಡನೆಯ ಕಲಮನ್ನು ಇಟ್ಟುಕೊಳ್ಳುವುದಕ್ಕೆ ಧೈರ್ಯ ಬೇಕು. ಏಕೆಂದರೆ ಅದರ ಸಂಖ್ಯೆ ಯಾವಾಗಲೂ ಮೊದಲನೆಯದಕ್ಕಿಂತ ಕಡಿಮೆ. ಆದರೆ ಪಾಠವಿರುವುದು ಆ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲಿ. ಕಲಿತೂ ನಿಲ್ಲದವನಿಗೆ ಸಾಲ ಸಿಗಲಿಲ್ಲವೋ, ಊರಿನಲ್ಲಿ ಗಿರಾಕಿ ಇಲ್ಲವೋ, ಮನೆಯವರ ಒಪ್ಪಿಗೆಯಿಲ್ಲವೋ ಎಂದು ಕೇಳಿದರೆ ತಾನೇ ಮುಂದಿನ ತಂಡಕ್ಕೆ ಏನು ಕಲಿಸಬೇಕೆಂದು ತಿಳಿಯುವುದು? ಕೇಂದ್ರ ಸರಕಾರ 2009ರಲ್ಲಿ ಈ ಮಾದರಿಯನ್ನೇ ಹಿಡಿದು ಜಿಲ್ಲೆಗೊಂದರಂತೆ ಇಂಥ ಸಂಸ್ಥೆಗಳನ್ನು ತೆರೆಯುವ ಯೋಜನೆ ಹಾಕಿತು. ಒಂದು ಹಳ್ಳಿಯ ಪದ್ಧತಿ ದೇಶಕ್ಕೆ ಹರಡಬೇಕಾದರೆ ಆ ಪದ್ಧತಿ ಬರವಣಿಗೆಯಲ್ಲಿರಬೇಕು. ಯಾರೋ ಒಬ್ಬರ ತಲೆಯಲ್ಲಿದ್ದರೆ ಹರಡುವುದಿಲ್ಲ.

ಅದೇ 1982ರಲ್ಲಿ ಅದೇ ತಾಲ್ಲೂಕಿನಲ್ಲಿ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯೂ ಆರಂಭವಾಯಿತು. ಅದರ 'ಪ್ರಗತಿಬಂಧು' ಗುಂಪುಗಳ ಕ್ರಮವನ್ನು ಗಮನಿಸಬೇಕು. ಐದರಿಂದ ಎಂಟು ಮಂದಿ ಸಣ್ಣ ಹಿಡುವಳಿಯ ಕೃಷಿಕರು ಒಂದು ಗುಂಪು. ವಾರಕ್ಕೊಂದು ದಿನ ಎಲ್ಲರೂ ಸೇರಿ ಒಬ್ಬನ ಜಮೀನಿನಲ್ಲಿ ದುಡಿಯುವುದು, ಮುಂದಿನ ವಾರ ಇನ್ನೊಬ್ಬನ ಜಮೀನಿನಲ್ಲಿ. ಮುಯ್ಯಾಳಿನ ಹಳೆಯ ಪದ್ಧತಿಯೇ ಇದು. ಹೊಸದಾಗಿ ಸೇರಿದ್ದು ವಾರದ ಸಭೆ, ವಾರದ ಉಳಿತಾಯ, ಅದನ್ನು ಬರೆಯುವ ಪುಸ್ತಕ. ಯಾರ ಹೊಲದ ಸರದಿ ಬಂತು, ಯಾರದ್ದು ಬಾಕಿ ಎಂಬುದು ನೆನಪಿನ ಮಾತಾಗಿದ್ದಾಗ ಮುಯ್ಯಾಳಿನಲ್ಲಿ ಜಗಳ ಹುಟ್ಟುತ್ತಿತ್ತು. ಪುಸ್ತಕ ಬಂದಮೇಲೆ ವಾದಕ್ಕೆ ಎಡೆಯಿಲ್ಲ. ಗುಂಪು ಚಿಕ್ಕದಾದಷ್ಟೂ ಪುಸ್ತಕ ಎಲ್ಲರ ಕಣ್ಣಿಗೆ ಬೀಳುತ್ತದೆ ಎಂಬುದೂ ನೆನಪಿಡಬೇಕಾದ ಅಂಶ.

ಮೂರನೆಯ ಪಾಠ ಬಂಟ್ವಾಳದ್ದು. ಅದನ್ನು ಕಲಿಸುವವಳು ನೇತ್ರಾವತಿ. ಕುದುರೆಮುಖದ ಮಗ್ಗುಲಲ್ಲಿ ಹುಟ್ಟಿ, ಬೆಳ್ತಂಗಡಿ ತಾಲ್ಲೂಕನ್ನು ಹಾದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಬಂಟ್ವಾಳಕ್ಕೆ ಬರುವ ಈ ಹೊಳೆ 1923ರಲ್ಲಿ ಉಕ್ಕಿದ್ದನ್ನು ತುಳುವರು 'ಮಾರಿಬೊಳ್ಳ' ಎಂದು ಇಂದಿಗೂ ನೆನೆಯುತ್ತಾರೆ. 1974ರಲ್ಲಿ ಮತ್ತೆ ಉಕ್ಕಿತು. 2019ರ ಆಗಸ್ಟಿನಲ್ಲಿ ಘಟ್ಟದ ಬುಡದ ಹಳ್ಳಿಗಳಲ್ಲಿ ಗುಡ್ಡಗಳೇ ಜರಿದು ಮನೆ ತೋಟಗಳು ಹೋದವು. ಬಂಟ್ವಾಳದ ತಗ್ಗಿನ ಮನೆಗಳಿಗೆ ನೀರು ನುಗ್ಗಿತು. ಬಂಟ್ವಾಳದಲ್ಲಿ ಹೊಳೆಯ ಮಟ್ಟವನ್ನು ಅಳೆದು ಬರೆದಿಡುವ ಕೇಂದ್ರ ಸರಕಾರದ ಮಾಪನ ಠಾಣೆಯೊಂದು ಇದೆ. ಬೇಸಿಗೆಯಲ್ಲಿ ಆ ಅಂಕೆಗಳನ್ನು ಕೇಳುವವರಿಲ್ಲ. ಆದರೆ ಬೇಸಿಗೆಯಲ್ಲೂ ತಪ್ಪದೆ ಬರೆದಿದ್ದರಿಂದಲೇ, ಮಳೆಗಾಲದ ಒಂದು ರಾತ್ರಿ ನೀರು ಇಂತಿಷ್ಟು ಮೀಟರಿಗೆ ಬಂತೆಂದರೆ ಯಾವ ಬೀದಿಯವರು ಏಳಬೇಕು ಎಂದು ಹೇಳಲು ಸಾಧ್ಯವಾಗುತ್ತದೆ. ಅಗತ್ಯ ಬಿದ್ದ ದಿನ ಬರೆಯಲು ಕುಳಿತರೆ ಅಂಕೆ ಉಪಯೋಗಕ್ಕೆ ಬರುವುದಿಲ್ಲ.

ಆ 2019ರ ನೆರೆಯ ಮರುದಿನ ಪರಿಹಾರ ಸಾಮಗ್ರಿ ಹಿಡಿದುಕೊಂಡು ನಾವೂ ಕೆಲವರು ಘಟ್ಟದ ಬುಡದ ಒಂದು ಹಳ್ಳಿಗೆ ಹೋಗಿದ್ದೆವು. ನಮಗಿಂತ ಮೊದಲೇ ನಾಲ್ಕು ಸಂಘದವರು ಬಂದಿದ್ದರು. ಎಲ್ಲರೂ ಡಾಮರು ರಸ್ತೆಯ ಬದಿಯ ಮನೆಗಳಿಗೆ ಅಕ್ಕಿ, ಚಾಪೆ, ಸೀರೆ ಕೊಟ್ಟಿದ್ದರು. ಒಂದು ಮನೆಯಲ್ಲಿ ಹೊಸ ಚಾಪೆಗಳು ಏಳು, ಮನೆಯಲ್ಲಿದ್ದವರು ಮೂವರು. ತೋಡಿನ ಆಚೆ, ಕಾಲುಸಂಕ ಕೊಚ್ಚಿಹೋದ ಕಡೆಯ ಮನೆಗಳಿಗೆ ಯಾರೂ ಹೋಗಿರಲಿಲ್ಲ. ಅಲ್ಲಿ ಅಕ್ಕಿ ಇತ್ತು, ಬೇಯಿಸುವ ಪಾತ್ರೆ ಇರಲಿಲ್ಲ. ಕೊನೆಗೆ ಆ ಊರಿನ ಒಬ್ಬ ಕಾಲೇಜು ಹುಡುಗಿ ಶಾಲೆಯ ಕರಿಹಲಗೆಯ ಮೇಲೆ ಗೆರೆ ಎಳೆದು ಮನೆಯ ಹೆಸರು, ಜನ ಎಷ್ಟು, ಏನು ಹೋಗಿದೆ, ಏನು ಸಿಕ್ಕಿದೆ ಎಂದು ನಾಲ್ಕು ಕಲಮು ಮಾಡಿದಳು. ಒಂದು ಗಂಟೆಯ ಕೆಲಸ ಅಷ್ಟೆ. ಆಮೇಲೆ ಬಂದ ಪ್ರತಿಯೊಂದು ವಾಹನವೂ ಮೊದಲು ಆ ಹಲಗೆಯ ಮುಂದೆ ನಿಂತಿತು. ನಮ್ಮ ಐದು ಸಂಘಗಳ ಔದಾರ್ಯಕ್ಕೆ ಕಣ್ಣು ಕೊಟ್ಟದ್ದು ಒಂದು ಸೀಮೆಸುಣ್ಣದ ತುಂಡು.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಎರಡು ಮಾತುಗಳನ್ನೂ ಹೇಳಬೇಕು. ಅಂಕೆ ಒಳ್ಳೆಯ ಸೇವಕ. ಆದರೆ ಯಾವುದನ್ನು ಎಣಿಸುತ್ತೇವೆಯೋ ನಮ್ಮ ನಡತೆ ಅದರ ಕಡೆಗೆ ವಾಲುತ್ತದೆ. ಸಾಲ ಮರುಪಾವತಿಯ ಶೇಕಡಾವಾರು ಒಂದನ್ನೇ ಎಣಿಸುವ ಸಂಸ್ಥೆಗೆ ಕಂತು ಕಟ್ಟುವುದಕ್ಕೆ ಮನೆಯವರು ಊಟ ಬಿಟ್ಟರೇ, ಇನ್ನೊಂದು ಕಡೆ ಸಾಲ ಮಾಡಿದರೇ ಎಂಬುದು ಕಾಣುವುದಿಲ್ಲ. ಕಿರುಸಾಲ ವಸೂಲಿಯ ಕಿರುಕುಳವನ್ನು ತಡೆಯಲು ಕರ್ನಾಟಕ ಸರಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಗಿ ಬಂದುದು ಎಲ್ಲರಿಗೂ ಗೊತ್ತಿದೆ. ಆದುದರಿಂದ ನಮ್ಮ ಕೆಲಸ ಚೆನ್ನಾಗಿ ಕಾಣುವ ಅಂಕೆಯೊಂದಿಗೆ, ನಮ್ಮ ಕೆಲಸ ಕೆಟ್ಟರೆ ಅದನ್ನು ತೋರಿಸಿಕೊಡುವ ಅಂಕೆಯೊಂದನ್ನೂ ಸೇರಿಸಿಡಬೇಕು.

ಎರಡನೆಯದು ಮರ್ಯಾದೆಯ ಪ್ರಶ್ನೆ. ಬಡವನ ಮನೆಯ ವಿವರ ನಮ್ಮ ಸೊತ್ತಲ್ಲ. ರೋಗ, ಜಾತಿ, ಸಾಲ, ಗಂಡ ಬಿಟ್ಟುಹೋದ ಸಂಗತಿ ಇವನ್ನೆಲ್ಲ ಕೇಳಿ ಬರೆದುಕೊಂಡು ಆಮೇಲೆ ಆ ಪಟ್ಟಿಯನ್ನು ಮೊಬೈಲಿನಲ್ಲಿ ಹತ್ತು ಗುಂಪುಗಳಿಗೆ ಕಳುಹಿಸುವುದು ಸೇವೆಯಲ್ಲ. ವ್ಯಕ್ತಿಗಳ ಖಾಸಗಿ ವಿವರಗಳ ರಕ್ಷಣೆಗೆ 2023ರಲ್ಲಿ ಕೇಂದ್ರದ ಕಾಯಿದೆಯೂ ಬಂದಿದೆ. ಕಾಯಿದೆ ಇರಲಿ, ಬಿಡಲಿ, ಒಂದು ಸರಳ ನಿಯಮ ಸಾಕು: ಯಾವುದಾದರೊಂದು ಕಲಮು ಎಳೆಯುವ ಮೊದಲು 'ಇದನ್ನು ತಿಳಿದು ನಾವು ಏನನ್ನು ನಿರ್ಧರಿಸುತ್ತೇವೆ?' ಎಂದು ಕೇಳಿಕೊಳ್ಳಬೇಕು. ಉತ್ತರವಿಲ್ಲದಿದ್ದರೆ ಆ ಕಲಮು ಬೇಡ. ಇದರಿಂದ ಬಡವರ ಮಾನವೂ ಉಳಿಯುತ್ತದೆ, ಬರೆಯುವವನ ಕೈಯೂ ಸೋಲುವುದಿಲ್ಲ.

ಹಾಗಾದರೆ ಒಂದು ಚಿಕ್ಕ ಊರಿನ ಚಿಕ್ಕ ಸಂಘ ಏನು ಮಾಡಬಹುದು? ಗಣಕಯಂತ್ರವಿದ್ದರೆ ಸಂತೋಷ; ಇಲ್ಲದಿದ್ದರೆ ಇನ್ನೂರು ಪುಟದ ಒಂದು ಗೆರೆಪುಸ್ತಕ ಸಾಕು. ಮೊದಲನೆಯದಾಗಿ, ಸಂಘದ ಪ್ರತಿಯೊಂದು ವಿಷಯವೂ ಕನಿಷ್ಠ ಮೂವರಿಗೆ ಗೊತ್ತಿರಬೇಕು: ಬ್ಯಾಂಕಿನ ಖಾತೆ ಎಲ್ಲಿ, ರುಜು ಯಾರದು, ಠೇವಣಿ ಎಂದಿಗೆ ಮುಗಿಯುತ್ತದೆ, ಬೀಗದ ಕೈ ಎಲ್ಲಿ ಎಂಬ ಒಂದೇ ಪುಟದ ಪಟ್ಟಿಯನ್ನು ಮಹಾಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಎರಡನೆಯದಾಗಿ, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಂತೆ ಪ್ರತಿವರ್ಷ ಸಲ್ಲಿಸಬೇಕಾದ ಪದಾಧಿಕಾರಿಗಳ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ಮಹಾಸಭೆಯಾದ ಕೂಡಲೇ ಸಲ್ಲಿಸಿಬಿಡಬೇಕು. ಇದು ಸರಕಾರದ ಕಾಟವಲ್ಲ, ಸಂಘದ ಆಯುಷ್ಯ. ಮೂರನೆಯದಾಗಿ, ನೆರವು ಪಡೆದವರ ಪಟ್ಟಿಯಲ್ಲಿ 'ಆಮೇಲೆ ಏನಾಯಿತು?' ಎಂಬ ಕಲಮು ಇರಲೇಬೇಕು. ನಾಲ್ಕನೆಯದಾಗಿ, ಪ್ರತಿ ಸಭೆಯಲ್ಲಿ ಕಾಲು ಗಂಟೆ ಆ ಪುಸ್ತಕವನ್ನು ತೆರೆದು ಓದಬೇಕು. ಬರೆದು ಓದದಿರುವುದಕ್ಕಿಂತ ಬರೆಯದಿರುವುದೇ ಲೇಸು, ಶಾಯಿಯಾದರೂ ಉಳಿಯುತ್ತದೆ.

ಐದನೆಯ ಮಾತನ್ನು ದಾನಿಗಳಿಗೆ ಹೇಳಬೇಕಾಗಿದೆ. ನಮ್ಮ ದಾನಿಗಳು ಧಾರಾಳಿಗಳು. ಆದರೆ ಅವರಿಗೆ ಪ್ರೀತಿ ಗೋಡೆಯ ಮೇಲೆ, ಗೋದ್ರೇಜ್ ಕಪಾಟಿನ ಮೇಲೆ. ಫ್ಯಾನಿನ ಮೂರು ರೆಕ್ಕೆಗೆ ಮೂರು ಹೆಸರು ಬರೆದ ಸಭಾಭವನಗಳನ್ನು ನಾನು ನೋಡಿದ್ದೇನೆ. ಆ ಫ್ಯಾನಿನ ಕೆಳಗೆ ಕುಳಿತು ಲೆಕ್ಕ ಬರೆಯುವವನ ಸಂಬಳಕ್ಕೆ ಹೆಸರು ಬರೆಸುವ ದಾನಿ ಮಾತ್ರ ಅಪರೂಪ. 'ನಾನು ಕೊಟ್ಟ ರೂಪಾಯಿ ಪೂರ್ತಿ ಬಡವರಿಗೇ ಹೋಗಬೇಕು, ಕಚೇರಿ ಖರ್ಚಿಗೆ ಒಂದು ಕಾಸೂ ಬೇಡ' ಎನ್ನುವುದು ಕೇಳಲು ಚೆಂದ. ಆದರೆ ಕೊಡವಿಲ್ಲದೆ ಬಾವಿಯ ನೀರು ಬಾಯಿಗೆ ಬರುವುದಿಲ್ಲ. ಸಂಘದ ತ್ರಾಣಕ್ಕೆ ಕೊಟ್ಟ ಹಣವೂ ಬಡವನಿಗೇ ಮುಟ್ಟುತ್ತದೆ; ಒಂದು ವರ್ಷವಲ್ಲ, ಹಲವು ವರ್ಷ ಮುಟ್ಟುತ್ತದೆ.

ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಒಗ್ಗಟ್ಟಿನ ಹೊಗಳಿಕೆಯಾಗಿ ಹೇಳುತ್ತೇವೆ. ಅದನ್ನು ತಿರುಗಿಸಿಯೂ ಓದಬಹುದು: ಹತ್ತು ಜನ ಹೊರಬೇಕಾದುದನ್ನು ಒಬ್ಬನ ತಲೆಯ ಮೇಲೆ ಇಟ್ಟರೆ ಆ ತಲೆ ಬಿದ್ದ ದಿನ ಹೊರೆಯೂ ಬೀಳುತ್ತದೆ.

ನಮ್ಮ ಸಮಿತಿ ಈಗ ಮತ್ತೆ ನಡೆಯುತ್ತಿದೆ. ಪುಸ್ತಕವನ್ನು ಇಬ್ಬರು ಎಳೆಯರು ಬರೆಯುತ್ತಾರೆ. ನಾನು ರುಜು ಹಾಕುವ ಮೊದಲು ಓದುತ್ತೇನೆ. ಅದರಲ್ಲಿ 'ನಡುವೆ ಓದು ಬಿಟ್ಟವರು, ಕಾರಣ' ಎಂಬ ಒಂದು ಪುಟವಿದೆ. ಆ ಪುಟದ ಮೊದಲನೆಯ ಹೆಸರನ್ನು ನಾನೇ ನನ್ನ ಕೈಯಿಂದ ಬರೆದೆ. ಕಾರಣದ ಕಲಮಿನಲ್ಲಿ 'ಸಮಿತಿಯ ಲೆಕ್ಕ ಸಿಗಲಿಲ್ಲ' ಎಂದಿದೆ. ಪ್ರತಿ ಸಭೆಯಲ್ಲಿಯೂ ಆ ಪುಟವನ್ನೇ ಮೊದಲು ತೆರೆಯುತ್ತೇವೆ.